ಕಲ್ಲೇಶಪ್ಪ ಮೇಷ್ಟ್ರ ಕೀಬೋರ್ಡು

ಅರಸೀಕೆರೆಯಲ್ಲಿ ಅಂಥದ್ದೊಂದು ಕಾಲವಿತ್ತು. ಬೆಳಗ್ಗೆ ಹೊತ್ತು ಹುಟ್ಟೋ ಮೊದಲೇ ಕೊಬ್ಬರಿ ಮಂಡಿ ಹಿಂದಿನ ಬೀದಿಗೆ ಕಾಲಿಟ್ಟರೆ ಸಾಕು, ಟಕಟಕ ಟಕಟಕ ಅಂತ ಸದ್ದು ಶುರುವಾಗಿರೋದು. ಅದು ಕಲ್ಲೇಶಪ್ಪ ಮೇಷ್ಟ್ರ ಟೈಪಿಂಗ್ ಇನ್ಸ್‌ಟಿಟ್ಯೂಟು. ಜಾವಗಲ್ಲಿಂದ, ಬಾಣಾವರದಿಂದ ಮೊದಲ ಬಸ್ಸು ಹಿಡಿದು ಹುಡುಗ ಹುಡುಗಿಯರು ಬರೋರು. ಸರ್ಕಾರಿ ಕೆಲಸ ಬೇಕಾ, ಮೊದಲು ಮೇಷ್ಟ್ರ ಹತ್ರ ಜೂನಿಯರ್ ಪಾಸು ಮಾಡ್ಕೋ ಅನ್ನೋದು ಊರ ಮಾತು. ತಾಲ್ಲೂಕು ಆಫೀಸಿಗೆ ಹೋಗಿ, ಕೋರ್ಟಿಗೆ ಹೋಗಿ, ಮೇಷ್ಟ್ರ ಶಿಷ್ಯ ಒಬ್ಬನಾದರೂ ಎದ್ದು ನಿಂತು ಕುರ್ಚಿ ಕೊಡೋನು.

ಆ ಕಾಲ ಹೋಯ್ತು ಬಿಡಿ. ಕಂಪ್ಯೂಟರು ಬಂತು, ಮಷೀನುಗಳು ಗುಜರಿಗೆ ಹೋದವು, ಆ ಮುಂದಿನ ಕೋಣೆಯಲ್ಲಿ ಈಗ ಕೊಬ್ಬರಿ ಚೀಲ. ಮೇಷ್ಟ್ರ ಮಗ ಶರತ್ಚಂದ್ರನದು ಕೊಬ್ಬರಿ ವ್ಯಾಪಾರ. ಅವನ ಹೆಂಡತಿ ಪುಷ್ಪಲತಾ ಇದ್ದಾಳಲ್ಲ, ಅವಳು ಈ ಮನೆಗೆ ಸೊಸೆಯಾಗೋ ಮೊದಲು ಶಿಷ್ಯೆಯಾಗಿ ಬಂದವಳು. ಜಾವಗಲ್ಲಿನ ಹುಡುಗಿ. ಒಂದಿನ ಮೇಷ್ಟ್ರ ಹೆಂಡತಿ ವಿಶಾಲಮ್ಮ ಮಜ್ಜಿಗೆ ಲೋಟ ಹಿಡಿದು ಕೋಣೆಗೆ ಬಂದರೆ, ಈ ಹುಡುಗಿ ಕಿಟಕಿಯಾಚೆ ನೋಡ್ತಾ ನಗ್ತಾ ಟೈಪು ಮಾಡ್ತಿದ್ದಾಳೆ, ಹಾಳೆಯಲ್ಲಿ ಒಂದಕ್ಷರ ತಪ್ಪಿಲ್ಲ! "ರೀ, ಈ ಹುಡುಗಿ ನಮ್ಮನೇಲೇ ಇರ್ಲಿ" ಅಂದುಬಿಟ್ಟರು ವಿಶಾಲಮ್ಮ. ಸೀನಿಯರ್ ಪರೀಕ್ಷೆ ಮುಗಿಯುವಷ್ಟರಲ್ಲಿ ಲಗ್ನಪತ್ರಿಕೆ ಆಗಿತ್ತು.

ಹೋದ ಕಾರ್ತೀಕದಲ್ಲಿ ಮೇಷ್ಟ್ರಿಗೆ ಲಕ್ವ ಹೊಡೆಯಿತು. ಬಲಗೈ ಹೋಯ್ತು, ಬಲಗಾಲು ಹೋಯ್ತು, ನಾಲಗೆ ಹೊರಳದಾಯ್ತು. ಕತ್ತು ಒಂದು ಕಡೆ ವಾಲಿಕೊಂಡು, ಹೂಂ ಅಂದರೋ ಊಹೂಂ ಅಂದರೋ ಒಂದೂ ತಿಳಿಯದು. ಎಡಗೈಗೆ ಸ್ಲೇಟು ಬಳಪ ಕೊಟ್ಟರೆ ಕಾಗೆ ಕಾಲು ಗುಬ್ಬಿ ಕಾಲು. ಹಾಸನದ ಡಾಕ್ಟರು, "ಅವರಿಗೆ ಎಷ್ಟು ಅರ್ಥವಾಗ್ತಿದೆ ಅಂತ ಈಗಲೇ ಹೇಳೋಕಾಗಲ್ಲ, ನೋಡೋಣ" ಅಂದರು. ಆ ಒಂದು ಮಾತು ಮನೆಯೊಳಗೆ ಬಂದು ಕೂತುಬಿಟ್ಟಿತು.

ಶರತ್ಚಂದ್ರ ಅಪ್ಪನ ಮೇಲೆ ಪ್ರೀತಿಯಿಲ್ಲದವನಲ್ಲ. ಆದರೆ ಹೆದರಿದ ಗಂಡಸು ಒರಟಾಗ್ತಾನೆ ನೋಡಿ, ಹಾಗಾಯ್ತು. ಮೊದಮೊದಲು "ಅಪ್ಪಾ, ಊಟ ಆಯ್ತಾ?" ಅಂತ ಕೇಳ್ತಿದ್ದೋನು, ಬರಬರುತ್ತಾ ಮಂಚದ ಪಕ್ಕವೇ ನಿಂತು "ಇವರದು ಊಟ ಆಯ್ತಾ?" ಅಂತ ಹೆಂಡತಿಯನ್ನು ಕೇಳತೊಡಗಿದ. ಬಂದ ನೆಂಟರ ಮುಂದೆ "ಏನೂ ತಿಳಿಯಲ್ಲ, ಮಗು ಆಗ್ಬಿಟ್ಟಿದ್ದಾರೆ" ಅನ್ನೋನು. ಮಂಚದ ಮೇಲಿನ ಕಣ್ಣು ಎರಡೂ ಅವನನ್ನೇ ನೋಡ್ತಿರೋವು. ಪುಷ್ಪಲತಾಗೆ ಮೈಯೆಲ್ಲ ಉರಿಯೋದು.

"ರೀ, ಅವ್ರಿಗೆ ಎಲ್ಲಾ ತಿಳಿಯುತ್ತೆ ಕಣ್ರೀ. ಹಾಗೆ ಎದುರಿಗೇ ಮಾತಾಡ್ಬೇಡಿ."

"ನಿಂಗೆ ಹೇಗೆ ಗೊತ್ತು? ಡಾಕ್ಟ್ರಿಗೇ ಗೊತ್ತಿಲ್ಲ."

ಅವಳು ಮಾವನ ಹೊದಿಕೆ ಸರಿಮಾಡಿ ಒಳಗೆ ಹೋದಳು.

ಬೆರಳಿಗೆ ವ್ಯಾಯಾಮ ಬೇಕು ಅಂತ ಫಿಸಿಯೋಥೆರಪಿ ಮೇಡಂ ರಬ್ಬರ್ ಚೆಂಡು ಕೊಟ್ಟು ಹೋಗಿದ್ದರು. ಮೇಷ್ಟ್ರು ಅದನ್ನ ಮೂಲೆಗೆ ಎಸೆದರು. ಒಂದು ಮಧ್ಯಾಹ್ನ ಪುಷ್ಪಲತಾ ಕೋಣೆ ಗುಡಿಸುವಾಗ ನೋಡ್ತಾಳೆ, ಹೊದಿಕೆ ಮೇಲೆ ಮಾವನ ಎಡಗೈ ಕುಣಿಯುತ್ತಿದೆ. ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ತೋರುಬೆರಳು. ಮತ್ತೆ ಹಿಂದಕ್ಕೆ. ಮತ್ತೆ ಮುಂದಕ್ಕೆ. ಅವಳು ಪೊರಕೆ ಹಿಡಿದೇ ನಿಂತಳು. ಅದು ಮೊದಲ ಪಾಠ. ಇನ್ಸ್‌ಟಿಟ್ಯೂಟಿಗೆ ಬಂದ ಮೊದಲ ವಾರವೆಲ್ಲ ಅವಳೂ ಅದನ್ನೇ ಹೊಡೆದಿದ್ದಳು, ಬೆರಳ ತುದಿ ಕೆಂಪಾಗೋವರೆಗೆ.

ಮಗಳು ಅರುಣಾ ಇಲ್ಲೇ ಕಾಲೇಜಲ್ಲಿ ಬಿ.ಕಾಂ. ಓದೋಳು. ಸಂಜೆ ಅವಳಿಗೆ ಹೇಳಿದಳು.

"ಅಯ್ಯೋ ಅಮ್ಮಾ, ಮೊದ್ಲೇ ಹೇಳ್ಬಾರ್ದಾ! ಮೆಕ್ಯಾನಿಕಲ್ ಕೀಬೋರ್ಡ್ ಅಂತ ಬರುತ್ತೆ. ಒತ್ತಿದ್ರೆ ಕೀ ಪೂರ್ತಿ ಕೆಳಗೆ ಹೋಗಿ ಮೇಲೆ ಬರುತ್ತೆ, ಟಕ್ ಅಂತ ಸೌಂಡೂ ಬರುತ್ತೆ. ನನ್ನ ಲ್ಯಾಪ್‌ಟಾಪಿಗೆ ಹಾಕಿದ್ರೆ ಆಯ್ತು. ತಾತ ಟೈಪ್ ಮಾಡ್ತಾರೆ, ನಾವು ಓದ್ತೀವಿ!"

ಪುಷ್ಪಲತಾಗೆ ಅಷ್ಟೇ ಬೇಕಿತ್ತು. ಮಾವ ಒಂದೇ ಒಂದು ವಾಕ್ಯ ಟೈಪು ಮಾಡಿದರೂ ಸಾಕು, ಆಮೇಲೆ ಈ ಮನೆಯಲ್ಲಿ ಯಾರೂ ಅವರನ್ನು ಮಗು ಅನ್ನೋ ಹಾಗಿಲ್ಲ.

ಭಾನುವಾರ ನಡುಮನೆಯಲ್ಲಿ ಅವರೆಕಾಯಿ ರಾಶಿ ಹಾಕ್ಕೊಂಡು ಎಲ್ಲರೂ ಸುಲೀತಾ ಕೂತಿದ್ದಾಗ ಅರುಣಾ ವಿಷಯ ತೆಗೆದಳು. ಕೀಬೋರ್ಡು ಸರಿ, ಆದರೆ ಕೀಗಳ ಮೇಲಿನ ಟೋಪಿಯನ್ನ, ಅಂದರೆ ಬೆರಳಿಡೋ ಆ ಬಿಲ್ಲೆಗಳನ್ನ, ಬೇರೆಯಾಗಿ ನಮಗೆ ಬೇಕಾದ್ದು ಆರಿಸಿಕೊಳ್ಳಬಹುದು ಅಂದಳು.

"ಟೋಪಿಗೆ ಬೇರೆ ದುಡ್ಡಾ?" ಅಂದ ಶರತ್ಚಂದ್ರ.

"ಕೀಬೋರ್ಡಿಗಿಂತ ಟೋಪೀನೇ ಒಂಚೂರು ಜಾಸ್ತಿ ಅಪ್ಪಾ."

"ಮೂಗಿಗಿಂತ ಮೂಗುತಿ ಭಾರ!" ಅಂದರು ವಿಶಾಲಮ್ಮ. "ಆದ್ರೂ ತೋರ್ಸೇ, ಬಣ್ಣ ಯಾವ್ಯಾವ್ದೈತೆ ನೋಡೋಣ."

ಫೋನು ಕೈಯಿಂದ ಕೈಗೆ ಹೋಯ್ತು. ಅರುಣಾಗೆ ತಿಳಿನೇರಳೆ ಬೇಕು. ವಿಶಾಲಮ್ಮನಿಗೆ ಕಪ್ಪು ಮಾತ್ರ ಬೇಡ, ಕಾಯಿಲೆ ಮಂಚದ ಹತ್ರ ಕಪ್ಪು ಯಾಕೆ ಅಂತ. ಹಸಿರಿನ ಮೇಲೆ ಬಿಳಿ ಅಕ್ಷರದ್ದು ಬಂದಾಗ ಅಜ್ಜಿ ಫೋನನ್ನ ಮೂಗಿನ ಹತ್ರ ಹಿಡಿದು, "ನಮ್ಮ ದೊಡ್ಡ ಮಷೀನಿಂದು ಹಿಂಗೇ ಇತ್ತು ಕಣೇ, ಪುಷ್ಪಾ. ಆಯುಧಪೂಜೇಲಿ ಒಂದೊಂದು ಕೀಗೂ ನಾನೇ ಕುಂಕುಮ ಇಡ್ತಿದ್ದೆ" ಅಂದರು.

"ನೀವ್ನೀವೇ ಆರಿಸಿದ್ರೆ? ಬೆರಳಿಡೋರನ್ನ ಕೇಳಿ" ಅಂದಳು ಪುಷ್ಪಲತಾ.

ಅರುಣಾ ತಾತನ ಮುಂದೆ ಫೋನು ಹಿಡಿದು ಚಿತ್ರ ಸರಿಸುತ್ತಾ ಹೋದಳು. ಮೇಷ್ಟ್ರು ಹಸಿರನ್ನ ನೋಡಲಿಲ್ಲ, ನೇರಳೆಯನ್ನ ಎಡಗೈಲಿ ದೂಡಿದರು. ಕೊನೆಗೊಂದು ಚಿತ್ರ ಬಂತು, ಅಕ್ಷರವೇ ಇಲ್ಲದ ಬೋಳು ಬಿಳಿ ಟೋಪಿಗಳು. ಮೇಷ್ಟ್ರು ಅದರ ಮೇಲೆ ತೋರುಬೆರಳಿಟ್ಟು ತಟ್ಟಿದರು. ಅರುಣಾ ಸರಿಸಿದರೆ ಕೈ ಹಿಡಿದು ಹಿಂದಕ್ಕೆ ತರಿಸಿದರು.

"ನೋಡಿದ್ರಾ?" ಶರತ್ಚಂದ್ರ ಎದ್ದು ಪಂಚೆ ಕೊಡವಿದ. "ಅಷ್ಟೆಲ್ಲ ಬಿಟ್ಟು ಏನೂ ಬರೀದೇ ಇರೋದರ ಮೇಲೆ ಕೈಯಿಟ್ರು. ನಾನು ಹೇಳಿದ್ರೆ ನಂಗೇ ಬೈತೀರ."

"ಅಲ್ರೀ, ಇನ್ಸ್‌ಟಿಟ್ಯೂಟಲ್ಲಿ ಎರಡನೇ ತಿಂಗಳಿಗೆ ಕೀ ಮೇಲೆಲ್ಲ ಕಾಗದ ಅಂಟಿಸ್ತಿದ್ರು, ನಾವು ಅಕ್ಷರ ನೋಡ್ಬಾರ್ದು ಅಂತ. ಕಣ್ಣು ಕಾಪಿ ಹಾಳೆ ಮೇಲೆ, ಬೆರಳು ಕೀ ಮೇಲೆ ಅನ್ನೋರು. ಅದಕ್ಕೇ..."

"ಅದು ಆವಾಗ ಪುಷ್ಪಾ. ಈಗ ಅಕ್ಷರಾನೇ ನೆನಪಿದೆಯೋ ಇಲ್ವೋ."

ವಿಶಾಲಮ್ಮ ಕೂಡ, "ಅಕ್ಷರ ಇರ್ಲಿ ಬಿಡೇ, ಮರ್ತಿದ್ರೆ ನೋಡ್ಕೊಂಡು ಹೊಡೀಲಿ. ಇವರ ಹಟ ಗೊತ್ತಲ್ಲ, ಹುಟ್ಟುಗುಣ ಸುಟ್ರೂ ಹೋಗಲ್ಲ" ಅಂದರು. ಪುಷ್ಪಲತಾ ಇನ್ನೂ ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ಎಲ್ಲೋ ಒಳಗೆ ಅವಳಿಗೂ ಭಯವಿತ್ತು, ನಿಜವಾಗಿಯೂ ಮರೆತಿದ್ದರೆ? ಬರೀ ಕನ್ನಡ ಅಕ್ಷರ ಬರೆದಿರೋ ಕೆನೆಬಣ್ಣದ ಟೋಪಿಗಳನ್ನೇ ತರಿಸು ಅಂದುಬಿಟ್ಟಳು.

ಮುಂದಿನ ವಾರ ಪಾರ್ಸೆಲ್ಲು ಬಂತು. ಅರುಣಾ ಯಾವ ಅಕ್ಷರ ಎಲ್ಲಿ ಅಂತ ಫೋನಲ್ಲಿ ನೋಡ್ಕೊಂಡು ಒಂದೊಂದೇ ಟೋಪಿ ಒತ್ತಿ ಕೂರಿಸಿದಳು. ಮೇಷ್ಟ್ರನ್ನ ದಿಂಬಿಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ, ಮುಂದೆ ಮಣೆ ಹಾಕಿ ಕೀಬೋರ್ಡು ಇಟ್ಟರು. ಮಂಡಿಗೆ ಹೊರಟಿದ್ದ ಶರತ್ಚಂದ್ರನೂ ಚಪ್ಪಲಿ ಬಿಟ್ಟು ಬಂದು ನಿಂತ.

ಮೇಷ್ಟ್ರು ಎಡಗೈ ಎತ್ತಿ ಇಟ್ಟರು. ಅಬ್ಬಾ, ಆ ಕೈ ಇಟ್ಟ ರೀತಿ! ಮಣಿಕಟ್ಟು ಮೇಲೆ, ಬೆರಳು ಬಾಗಿ, ಥೇಟ್ ಹಳೇ ಮೇಷ್ಟ್ರು. ಕೀ ಕಡೆ ಕಣ್ಣು ಹಾಯಿಸದೆ ಟಕ್, ಟಕ್, ಟಕಟಕ್ ಅಂತ ಹೊಡೆದರು. ವಿಶಾಲಮ್ಮ ಸೆರಗಿಂದ ಕಣ್ಣೊರೆಸಿಕೊಂಡರು. "ಆ ಸದ್ದು ಕೇಳೇ, ಪುಷ್ಪಾ. ಎಷ್ಟು ವರ್ಷ ಆಯ್ತೇ..."

ಅರುಣಾ ಪರದೆ ನೋಡಿದಳು. ಅವಳ ಮುಖ ಇಳಿಯಿತು. ಅಲ್ಲಿ ಇದ್ದದ್ದು ಕನ್ನಡದ ಅಕ್ಷರಗಳೇ, ಆದರೆ ಒಂದಕ್ಕೊಂದು ಸಂಬಂಧವಿಲ್ಲ. ಕೊಂಬಿದ್ದಲ್ಲಿ ಅಕ್ಷರವಿಲ್ಲ, ಅಕ್ಷರವಿದ್ದಲ್ಲಿ ಅರ್ಥವಿಲ್ಲ.

"ಇನ್ನೊಂದ್ಸಲ ಮಾವಾ, ನಿಧಾನಕ್ಕೆ" ಅಂದಳು ಪುಷ್ಪಲತಾ.

ಮತ್ತೆ ಹೊಡೆದರು. ಮತ್ತೆ ಅದೇ ಕಲಸುಮೇಲೋಗರ. ಮೇಷ್ಟ್ರು ಪರದೆ ನೋಡಿದರು. ಜನ್ಮದಲ್ಲಿ ಮಾಡದ ಕೆಲಸ, ತಲೆ ಬಗ್ಗಿಸಿ ಕೀಗಳನ್ನ ನೋಡಿದರು. ತಮ್ಮ ಬೆರಳು ಎಲ್ಲಿದೆ, ಅಕ್ಷರ ಎಲ್ಲಿದೆ ಅಂತ ನೋಡಿದರು. ಆಮೇಲೆ ಕೈ ಮಗುಚಿ ಅಂಗೈಯನ್ನೊಮ್ಮೆ ನೋಡಿಕೊಂಡು ಹೊದಿಕೆಯೊಳಗೆ ಇಟ್ಟುಕೊಂಡುಬಿಟ್ಟರು. ಕಣ್ಣಿಂದ ನೀರು ಇಳಿಯಿತು.

"ಸಾಕು, ತೆಗೀರಿ ಇದನ್ನ" ಅಂದ ಶರತ್ಚಂದ್ರ. "ಇನ್ನೊಂದ್ಸಲ ಅವರನ್ನ ಹೀಗೆ ಕೂರಿಸ್ಬೇಡಿ. ನೋಡೋಕಾಗಲ್ಲ ನಂಗೆ."

ಆ ಕೀಬೋರ್ಡು ಮಂಚದ ಪಕ್ಕದ ಸ್ಟೂಲಿನ ಮೇಲೆ ಟವೆಲ್ಲು ಹೊದ್ದು ಬಿದ್ದುಕೊಂಡಿತು. ಹೊದಿಕೆ ಮೇಲೆ ಕುಣಿಯುತ್ತಿದ್ದ ಬೆರಳುಗಳೂ ನಿಂತವು. ಇಷ್ಟಾದರೂ ಹೇಗೋ ನಡೀತಿತ್ತು. ಅಷ್ಟರಲ್ಲಿ ಜಾವಗಲ್ಲಿನ ನಂಜುಂಡಯ್ಯ ಬಂದರು. ಮೇಷ್ಟ್ರ ಮೊದಮೊದಲ ಶಿಷ್ಯ, ಬೇಲೂರು ಕೋರ್ಟಿನಲ್ಲಿ ಟೈಪಿಸ್ಟಾಗಿ ನಿವೃತ್ತರಾದವರು. ಮಗಳ ಮದುವೆಗೆ ಕರೆಯೋಕೆ ಹಣ್ಣು, ಎಲೆ ಅಡಿಕೆ, ಕಾಗದ ತಂದಿದ್ದರು. ಮಂಚದ ಹತ್ತಿರ ಹೋಗಿ ಕಾಲು ಮುಟ್ಟಿದರು.

"ಸಾರ್, ನಾನು ನಂಜುಂಡ. ಗುರ್ತು ಸಿಕ್ತಾ?"

ಮೇಷ್ಟ್ರ ಗಂಟಲಲ್ಲಿ ಏನೋ ಗೊರಗುಟ್ಟಿತು. ಶರತ್ಚಂದ್ರ ಬಾಗಿಲಿಂದಲೇ, "ಅವ್ರಿಗೆ ಯಾರ ಗುರುತೂ ಇಲ್ಲ ನಂಜುಂಡಣ್ಣ. ಅಕ್ಷರಾನೂ ಮರ್ತುಹೋಯ್ತು. ಬನ್ನಿ, ಕಾಫಿ ಕುಡೀರಿ" ಅಂದ.

ಮೇಷ್ಟ್ರು ಗೋಡೆ ಕಡೆ ಮುಖ ತಿರುಗಿಸಿದರು. ಆ ರಾತ್ರಿಯಿಂದ ಬಾಯಿ ತೆರೆಯಲಿಲ್ಲ. ಮುದ್ದೆ ಮೆತ್ತಗೆ ಕಲಸಿ ಇಟ್ಟರೆ ತುಟಿ ಬಿಗಿ. ಗಂಜಿ ಹಿಡಿದರೆ ತುಟಿ ಬಿಗಿ. ಬಾಯಾರಿದಾಗ ಎರಡು ಗುಟುಕು ನೀರು ಇಳಿದರೆ ಅದೇ ಹೆಚ್ಚು. ವಿಶಾಲಮ್ಮ ಗದರಿದರು, ಅತ್ತರು, ಮಠದಿಂದ ಪ್ರಸಾದ ತರಿಸಿದರು. "ರೀ, ಒಂದು ತುತ್ತು ತಿನ್ರೀ, ನನ್ನ ಮುಖ ನೋಡ್ಕೊಂಡಾದ್ರೂ." ಊಹೂಂ. ಡಾಕ್ಟರಿಗೆ ಫೋನು ಮಾಡಿದರೆ, ಹೀಗೇ ಆದರೆ ಕರ್ಕೊಂಡು ಬನ್ನಿ, ಮೂಗಿಗೆ ನಳಿಕೆ ಹಾಕಬೇಕಾಗುತ್ತೆ ಅಂದರು.

ಶನಿವಾರ ಬೆಳಗ್ಗೆ ಪುಷ್ಪಲತಾ ಗಂಜಿ ಬಟ್ಟಲು ಬಾಯಿಗೆ ಹಿಡಿದಾಗ ಮೇಷ್ಟ್ರು ಎಡಗೈಲಿ ತಳ್ಳಿದರು. ಗಂಜಿಯೆಲ್ಲ ಸ್ಟೂಲಿನ ಮೇಲೆ, ಟವೆಲ್ಲು ದಾಟಿ ಕೀಬೋರ್ಡಿನ ಮೇಲೆ.

"ಅಯ್ಯೋ ಶಿವನೇ, ಮಗಳು ಬಂದು ನನ್ನ ಕೊಂದೇ ಹಾಕ್ತಾಳೆ."

ಬಟ್ಟಲು ತೊಳೆದಿಟ್ಟು, ಕೀಬೋರ್ಡಿನ ಪೆಟ್ಟಿಗೆಯಲ್ಲಿದ್ದ ತಂತಿಯ ಇಕ್ಕಳ ತಂದು ಟೋಪಿಗಳನ್ನೆಲ್ಲ ಕಿತ್ತಳು. ಕೆಳಗಿನದನ್ನ ಒದ್ದೆಬಟ್ಟೆಯಲ್ಲಿ ಒರೆಸಿ, ಟೋಪಿಗಳನ್ನ ಸೋಪಿನ ನೀರಲ್ಲಿ ತೊಳೆದು, ಮೊರದಲ್ಲಿ ಹರವಿ ಜಗಲಿ ಬಿಸಿಲಿಗಿಟ್ಟಳು. ಸಾರಿಗೆ ಒಗ್ಗರಣೆ ಹಾಕಿ ಬರೋ ಹೊತ್ತಿಗೆ ಒಣಗಿದ್ದವು. ಜಗಲಿಯಲ್ಲೇ ಕೂತು ಒಂದೊಂದೇ ತೆಗೆದು ಕೂರಿಸತೊಡಗಿದಳು. ಇದೆಲ್ಲಿ, ಅದೆಲ್ಲಿ ಅಂತ ಯೋಚನೆಯನ್ನೇ ಮಾಡಲಿಲ್ಲ. ಮನಸ್ಸು ಮಾವನ ಬಿಗಿದ ತುಟಿಯ ಹತ್ರವೇ ಇತ್ತು. ಕೈ ತನ್ನ ಪಾಡಿಗೆ ಅಕ್ಷರ ತೆಗೆಯೋದು, ಜಾಗಕ್ಕೆ ಇಡೋದು. ಒಂದಷ್ಟು ಟೋಪಿ ಮೊರದಲ್ಲೇ ಉಳಿದವು, ಒಂದಷ್ಟು ಕೀ ಬೋಳಾಗೇ ಉಳಿದವು.

ಕಾಲೇಜು ಮುಗಿಸಿ ಬಂದ ಅರುಣಾ ಚೀರಿದಳು.

"ಅಮ್ಮಾ! ಏನ್ ಮಾಡಿದೀಯಾ ಇದನ್ನ? ಸಾಲೆಲ್ಲ ಸೊಟ್ಟ ಹಲ್ಲಿನ ಥರ ಆಗಿದೆ. ಒಂದೂ ಸರಿ ಜಾಗದಲ್ಲಿಲ್ಲ!"

"ಸರೀಗೇ ಇದೆ ಕಣೇ. ನಾಲ್ಕಾರು ಮಿಕ್ಕಿವೆ ಅಷ್ಟೆ."

"ಸರಿ ಇಲ್ಲಮ್ಮಾ! 'ಕ' ಅಲ್ಲಿರಲ್ಲ, ಇಲ್ಲಿರುತ್ತೆ."

"ನಂಗೆ ಹೇಳಿಕೊಡ್ತೀಯಾ? 'ಕ' ಅಲ್ಲೇ ಇರೋದು."

"ಯಾರು ಹೇಳಿದ್ದು ನಿಂಗೆ?"

"ನಿಮ್ಮ ತಾತ ಹೇಳಿದ್ದು! ಸೀನಿಯರ್ ಪಾಸಾಗಿರೋಳು ನಾನು. ನಿಂಗೆ ಯಾರು ಹೇಳಿದ್ದು?"

"ಕಂಪ್ಯೂಟರ್ ಹೇಳಿದ್ದು. ನೋಡು ಇಲ್ಲಿ." ಅರುಣಾ ಫೋನಲ್ಲಿ ಚಿತ್ರ ತೆಗೆದು ಮುಂದೆ ಹಿಡಿದಳು.

ಪುಷ್ಪಲತಾ ಫೋನು ನೋಡಿದಳು, ತಾನು ಜೋಡಿಸಿದ್ದನ್ನ ನೋಡಿದಳು. ಇನ್ನೊಮ್ಮೆ ಫೋನು ನೋಡಿದಳು. ಮೊರ ತೊಡೆಯಿಂದ ಜಾರಿ ಟೋಪಿಗಳು ಜಗಲಿಯೆಲ್ಲ ಉರುಳಿದವು.

"ಅರುಣಾ, ನಮ್ಮ ಮಷೀನಲ್ಲಿ ಅಕ್ಷರದ ಜಾಗಾನೇ ಬೇರೆ ಕಣೇ. ಇದ್ರಲ್ಲಿ ಬದಲಾಯಿಸ್ಬಿಟ್ಟಿದ್ದಾರೆ. ತಾತ ಕಂಪ್ಯೂಟರು ಮುಟ್ಟಿದೋರಲ್ಲ. ಅವರು ಅವತ್ತು ಸರಿಯಾಗೇ ಹೊಡೆದ್ರು. ಅಯ್ಯೋ ದೇವ್ರೇ, ಸರಿಯಾಗೇ ಹೊಡೆದ್ರು! ತಮಗೇ ಮರ್ತುಹೋಗಿದೆ ಅಂದ್ಕೊಂಡು ಊಟ ಬಿಟ್ಟವ್ರೆ!"

ಕೀಬೋರ್ಡು ಎತ್ತಿಕೊಂಡು ಒಳಗೆ ಓಡಿದಳು. ಹಿಂದೆಯೇ ಲ್ಯಾಪ್‌ಟಾಪ್ ಹಿಡಿದು ಬಂದ ಮಗಳಿಗೆ, "ಅದು ಬೇಡ, ಅದು ಸುಳ್ಳು ಹೇಳುತ್ತೆ. ಈ ಅಕ್ಷರಾನೂ ಬೇಡ" ಅಂತ ಟೋಪಿಗಳನ್ನ ಕೀಳಿಸಿ, ಕೀಬೋರ್ಡನ್ನ ಬೋಳು ಮಾಡಿ ಮಾವನ ಮುಂದಿಟ್ಟಳು.

"ಮಾವಾ, ತಪ್ಪು ನಿಮ್ಮದಲ್ಲ. ಈ ಹೊಸ ಕೀಬೋರ್ಡಲ್ಲಿ ಅಕ್ಷರಗಳನ್ನ ಬೇರೆ ಜಾಗಕ್ಕೆ ಹಾಕಿದ್ದಾರೆ. ನಿಮ್ಮ ಬೆರಳು ಸರಿಯಾಗಿತ್ತು. ಕೇಳಿಸ್ತಾ? ನಿಮ್ಮ ಬೆರಳು ಸರಿಯಾಗಿತ್ತು."

ಮೇಷ್ಟ್ರು ಗೋಡೆ ನೋಡ್ತಾನೇ ಇದ್ದರು.

"ನೀವು ಹೊಡೀರಿ. ಪರದೆ ಗಿರದೆ ಬೇಡ, ನೀವು ಮುಟ್ಟಿದ ಜಾಗ ನೋಡಿ ನಾನು ಓದ್ತೀನಿ. ನಿಮ್ಮ ಶಿಷ್ಯೆ ಅಲ್ವಾ ನಾನು. ಸಾರ್, ಒಂದೇ ಒಂದ್ಸಲ."

ಎಷ್ಟೋ ವರ್ಷದ ಮೇಲೆ ಆ 'ಸಾರ್' ಅವಳ ಬಾಯಿಗೆ ತಾನಾಗೇ ಬಂತು. ಮೇಷ್ಟ್ರು ತಿರುಗಿದರು. ಹೊದಿಕೆಯೊಳಗಿಂದ ಎಡಗೈ ಹೊರಗೆ ಬಂತು. ಬಲಗಡೆ ಕೀಗಳಿಗೂ ಅದೇ ಕೈ ಹೋಗಿ ಬರಬೇಕು. ಪುಷ್ಪಲತಾ ಕೀಬೋರ್ಡಿನ ಮೇಲೆ ಬಾಗಿ, ಉಸಿರು ಹಿಡಿದು, ಅಕ್ಷರ ಅಕ್ಷರ ಕೂಡಿಸಿ ಗಟ್ಟಿಯಾಗಿ ಹೇಳುತ್ತಾ ಹೋದಳು.

"ಬೆ... ನ್ನು. ಬೆನ್ನು. ನೆ... ಟ್ಟ... ಗೆ."

ಬೆನ್ನು ನೆಟ್ಟಗೆ! ಗೂನು ಬಿದ್ದು ಟೈಪು ಮಾಡೋ ಹುಡುಗಿಯರಿಗೆಲ್ಲ ಬೆತ್ತದ ತುದಿಯಲ್ಲಿ ಮುಟ್ಟಿ ಮೇಷ್ಟ್ರು ಹೇಳುತ್ತಿದ್ದ ಮಾತು. ಪುಷ್ಪಲತಾ ತಟ್ಟನೆ ನೆಟ್ಟಗೆ ಕೂತಳು. ಕೂತು, ಸೆರಗು ಬಾಯಿಗಿಟ್ಟುಕೊಂಡು ಅತ್ತಳು, ನಕ್ಕಳು, ಯಾವುದು ಯಾವುದೋ ಅವಳಿಗೇ ತಿಳಿಯಲಿಲ್ಲ.

"ಅತ್ತೇ! ಬನ್ನಿ, ಬೇಗ ಬನ್ನಿ, ಮಾವ ಮಾತಾಡ್ತಿದ್ದಾರೆ!"

ವಿಶಾಲಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದರು. "ನಂಗೇನಾದ್ರೂ ಹೇಳ್ತಾರಾ ಕೇಳೇ."

ಬೆರಳು ಆಡಿತು. ಪುಷ್ಪಲತಾ ಓದಿದಳು. "ಸಾರು ಸಪ್ಪೆ."

"ಡಾಕ್ಟ್ರು ಹೇಳಿದ್ದು ಕಣ್ರೀ ಉಪ್ಪು ಹಾಕ್ಬೇಡಿ ಅಂತ! ತಿಂಗಳಾನುಗಟ್ಟಲೆ ಅದನ್ನೇ ಹೊಟ್ಟೇಲಿಟ್ಕೊಂಡಿದ್ರಾ? ಅಯ್ಯೋ ನನ್ನಪ್ಪಾ." ಹಿಟ್ಟಿನ ಕೈಯಲ್ಲೇ ಗಂಡನ ಕೆನ್ನೆ ಸವರಿದರು.

ಮಧ್ಯಾಹ್ನದ ಊಟಕ್ಕೆ ಬಂದ ಶರತ್ಚಂದ್ರ ಬಾಗಿಲಲ್ಲಿ ನಿಂತು ಎಲ್ಲ ಕೇಳಿದ. ನಂಬಲಿಲ್ಲ. ನಂಬಿ ಮತ್ತೆ ಕೆಳಗೆ ಬೀಳೋಕೆ ಅವನಿಗೆ ಧೈರ್ಯವಿರಲಿಲ್ಲ.

"ಪುಷ್ಪಾ, ನೀನೇ ಹೇಳ್ತಿದೀಯ. ನಿಂಗೆ ಆಸೆ, ಅದಕ್ಕೆ ನಿಂಗೆ ಹಾಗೆ ಕಾಣುತ್ತೆ."

"ಹಾಗಾದ್ರೆ ನಂಗೆ ಗೊತ್ತಿಲ್ಲದ್ದು ಏನಾದ್ರೂ ಕೇಳಿ. ನೀವೇ ಕೇಳಿ. ಎದುರಿಗೆ ನಿಂತು ಕೇಳಿ."

ಶರತ್ಚಂದ್ರ ಮಂಚದ ಹತ್ರ ಬಂದ. ಬಹಳ ದಿನದ ಮೇಲೆ ಅಪ್ಪನ ಕಣ್ಣಿಗೆ ಕಣ್ಣು ಕೊಟ್ಟ. "ಅಪ್ಪಾ, ನಮ್ಮಿಬ್ಬರಿಗೇ ಗೊತ್ತಿರೋದು ಏನಾದ್ರೂ ಹೇಳು."

ಮೇಷ್ಟ್ರ ಬಾಯಿಯ ಎಡಗೊನೆ ನಗುವಿನ ಹಾಗೆ ಮೇಲೆದ್ದಿತು. ಬೆರಳು ಹೊರಟಿತು.

"ಹಳೇಬೀಡು," ಪುಷ್ಪಲತಾ ಓದಿದಳು. "ಕೆರೆ. ಹೊಸ ಚಪ್ಪಲಿ. ನೀನೇ ಎಸೆದೆ. ಇದೇನ್ರೀ ಇದು?"

ಶರತ್ಚಂದ್ರನ ಮುಖದ ಬಣ್ಣ ಹೋಯ್ತು. ಮೂರನೇ ಕ್ಲಾಸಿನಲ್ಲಿದ್ದಾಗ ಅಪ್ಪ ಮಗ ಇಬ್ಬರೇ ಹಳೇಬೀಡಿಗೆ ಹೋಗಿದ್ದರು. ತೇಲುತ್ತೋ ಇಲ್ವೋ ನೋಡೋಣ ಅಂತ ಹೊಸ ಚಪ್ಪಲಿಯನ್ನ ಕೆರೆಗೆ ಎಸೆದು, ಅದು ಮುಳುಗಿದ ಮೇಲೆ ಅಮ್ಮನ ಭಯಕ್ಕೆ ಅತ್ತಿದ್ದ. ದಾರಿಯುದ್ದಕ್ಕೂ ಅಪ್ಪ ಅವನನ್ನ ಹೆಗಲ ಮೇಲೆ ಹೊತ್ತು ಬಸ್‌ಸ್ಟ್ಯಾಂಡಿಗೆ ತಂದಿದ್ದರು.

"ಗುಡಿ ಬಾಗಿಲಲ್ಲಿ ಕಳುವಾಯ್ತು ಅಂದಿದ್ರಲ್ಲೋ ಇಬ್ರೂ!" ಅಂದರು ವಿಶಾಲಮ್ಮ. "ನಾನು ಆ ಕಳ್ಳಂಗೆ ಎಷ್ಟು ಶಾಪ ಹಾಕಿದ್ದೆ!"

ಅರುಣಾ ಕಿಸಕ್ಕನೆ ನಕ್ಕಳು. ಶರತ್ಚಂದ್ರ ನಗಲಿಲ್ಲ. ಮಂಚದ ಪಕ್ಕ ನೆಲದ ಮೇಲೆ ಕೂತ.

"ಅಪ್ಪಾ. ಇಷ್ಟು ದಿನ ನಾನು ಅಂದಿದ್ದೆಲ್ಲ... ನಂಜುಂಡಣ್ಣನ ಮುಂದೆ ಅಂದಿದ್ದು... ನಿಂಗೆ ಕೇಳಿಸ್ತಿತ್ತಾ?"

ಬೆರಳು ನಿಧಾನವಾಗಿ ಎರಡು ಮಾತು ಹೊಡೆಯಿತು. ಪುಷ್ಪಲತಾ ಮನಸ್ಸಿನಲ್ಲೇ ಓದಿಕೊಂಡು ಗಂಡನ ಮುಖ ನೋಡಿದಳು.

"ಏನಂದ್ರು?"

"ಎಲ್ಲಾ ಕೇಳಿಸ್ತು ಅಂತಿದ್ದಾರೆ."

ಶರತ್ಚಂದ್ರ ಅಪ್ಪನ ಕಾಲಿಗೆ ಹಣೆ ಹಚ್ಚಿದ. ಮೇಷ್ಟ್ರ ಕೈ ಮತ್ತೆ ಕೀಗಳ ಮೇಲೆ ಹೋಯಿತು. ಈ ಸಲ ಪುಷ್ಪಲತಾ ತಡಮಾಡದೆ ಓದಿದಳು.

"ಮುದ್ದೆ ಆರುತ್ತೆ. ಏಳು, ಕೂತು ಉಣ್ಣು."

ಶರತ್ಚಂದ್ರ ಎದ್ದು ಮುಖ ಒರೆಸಿಕೊಂಡ. "ಪುಷ್ಪಾ, ಇಬ್ರಿಗೂ ಇಲ್ಲಿಗೇ ತಾ. ಒಂದೇ ತಟ್ಟೇಲಿ ತಾ" ಅಂದ. ಅವಳು ತಂದಳು. ಅವನು ಮುದ್ದೆ ಮುರಿದು, ಸಾರಲ್ಲಿ ಅದ್ದಿ, "ಅಪ್ಪಾ" ಅಂತ ಮೊದಲ ತುತ್ತನ್ನ ಅವರ ಬಾಯಿಯ ಹತ್ರ ಹಿಡಿದ. ಮೇಷ್ಟ್ರು ಬಾಯಿ ತೆರೆದರು.